ತೆಪ್ಪಕಾಡಿನ ಪಡಿ ಲೆಕ್ಕ

ತೆಪ್ಪಕಾಡಿನ ಆನೆ ಶಿಬಿರದಲ್ಲಿ ಒಂದು ಫಲಕವಿದೆ. ಒಂದು ಕಡೆ ಆನೆಗಳ ಹೆಸರು, ಎದುರಿಗೆ ರಾಗಿ ಇಷ್ಟು, ಹುರುಳಿ ಇಷ್ಟು, ಅಕ್ಕಿ ಇಷ್ಟು, ಬೆಲ್ಲ ಇಷ್ಟು, ಉಪ್ಪು ಇಷ್ಟು. ಶಿಬಿರ ನೋಡಲು ಬಂದವರು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಆನೆಗಳು ಸಾಲಾಗಿ ಬಂದು ನಿಂತುಬಿಟ್ಟಿರುತ್ತವೆ. ಜನರ ಕಣ್ಣು, ಮೊಬೈಲು ಎರಡೂ ಅತ್ತ ಕಡೆ. ಆ ದಿನ ಮಾತ್ರ ಒಬ್ಬರು ಹೆಂಗಸು ಕನ್ನಡಕ ಏರಿಸಿಕೊಂಡು, ಕೈಚೀಲದಿಂದ ನೂರು ಪುಟದ ನೋಟ್‌ಬುಕ್ಕು ತೆಗೆದು, ಆ ಫಲಕವನ್ನು ಸಾಲು ಸಾಲಾಗಿ ಬರೆದುಕೊಳ್ಳುತ್ತಿದ್ದರು. ಅಕ್ಷರ ದುಂಡಗೆ, ಗೆರೆ ನೇರ. ಗುಂಡ್ಲುಪೇಟೆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಬೋರ್ಡಿನ ಮೇಲೆ ಬರೆದ ಕೈ ಅದು. ಊರಿನವರಿಗೆ ಅವರು ಈಗಲೂ ಟೀಚರಮ್ಮ.

ಜೊತೆಯಲ್ಲಿ ಬೇಸಾಯ ಮಾಡಿಕೊಂಡಿರುವ ತಮ್ಮ, ಏಳನೇ ತರಗತಿಯ ಮೊಮ್ಮಗಳು. "ಅಜ್ಜಿ, ಆನೆ ನೋಡಕ್ಕೆ ಬಂದು ಬೋರ್ಡ್ ನೋಡ್ತಿದ್ದೀಯಲ್ಲ" ಎಂದು ಹುಡುಗಿ ಸೆರಗು ಜಗ್ಗುತ್ತಿದ್ದಳು.

ಅವರು ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದ್ದು ಬೆಳಗಿನ ಮಬ್ಬಿನಲ್ಲಿ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. 2009ರಲ್ಲಿ ಬಂದ ಈ ರಾತ್ರಿ ಸಂಚಾರ ನಿಷೇಧದ ಬಗ್ಗೆ ಇಂದಿಗೂ ತಕರಾರು ಮುಗಿದಿಲ್ಲ. ಆದರೆ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ ಜಿಂಕೆಗಳನ್ನು ನೋಡುತ್ತಲೇ ಬೆಳೆದ ಸುತ್ತಮುತ್ತಲಿನ ಊರಿನವರಿಗೆ ಅದರ ಅಗತ್ಯ ಯಾರೂ ವಿವರಿಸಬೇಕಾಗಿಲ್ಲ. ಹಂಗಳ ದಾಟುವವರೆಗೆ ಎರಡೂ ಕಡೆ ಹೊಲ. ಸೂರ್ಯಕಾಂತಿ, ಚೆಂಡು ಹೂವು, ಸಣ್ಣ ಈರುಳ್ಳಿ. ಕೇರಳದಿಂದ ಬಂದ ಕಾರುಗಳು ಸೂರ್ಯಕಾಂತಿ ಹೊಲದ ಬದಿಯಲ್ಲಿ ನಿಂತು ಫೋಟೊ ತೆಗೆದುಕೊಳ್ಳುವ ಕಾಲ ಅದು. ಮೇಲುಕಾಮನಹಳ್ಳಿಯ ನಂತರ ಹೊಲ ಕತ್ತರಿಸಿದಂತೆ ನಿಂತು ಕಾಡು ಶುರು. ಬಂಡೀಪುರ, ಆಮೇಲೆ ಕೆಕ್ಕನಹಳ್ಳದ ಚೆಕ್‌ಪೋಸ್ಟು. ಅಲ್ಲಿಗೆ ಕರ್ನಾಟಕ ಮುಗಿದು ತಮಿಳುನಾಡು, ಬಂಡೀಪುರ ಮುಗಿದು ಮುದುಮಲೆ. ಕಾಡಿಗೆ ಮಾತ್ರ ಈ ವ್ಯತ್ಯಾಸ ಗೊತ್ತಿಲ್ಲ. ಅದೇ ಮತ್ತಿ, ಅದೇ ದಿಂಡಿಗ, ಅದೇ ಬಿದಿರಿನ ಮೆಳೆ. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಬೇಕು. ಬಸ್ಸಿನಲ್ಲಿ ಹೋಗುವವರಿಗೆ ಆ ಗೋಜಿಲ್ಲ. ಪ್ಲಾಸ್ಟಿಕ್ ಬಾಟಲಿಗೆ ಮಾತ್ರ ಅಲ್ಲಿ ಜಾಗವಿಲ್ಲ ಎಂದು ಟೀಚರಮ್ಮನಿಗೆ ಗೊತ್ತಿತ್ತು; ಮನೆಯಿಂದಲೇ ಸ್ಟೀಲ್ ಬಾಟಲಿಯಲ್ಲಿ ನೀರು ತಂದಿದ್ದರು.

ಈ ರಸ್ತೆ ಅವರ ಮನೆಯವರಿಗೆ ಅನ್ನ ಕೊಟ್ಟ ರಸ್ತೆ. ಅಪ್ಪ ಬಸ್ ಕಂಡಕ್ಟರ್. ಮೈಸೂರು ರಾಜ್ಯ ರಸ್ತೆ ಸಾರಿಗೆ ಸಂಸ್ಥೆ 1961ರಲ್ಲಿ ಹುಟ್ಟಿತು. ಅದಾದ ಕೆಲವು ವರ್ಷಕ್ಕೆ ಅಪ್ಪ ಕೆಲಸಕ್ಕೆ ಸೇರಿದರು, ಬಹುಕಾಲ ಮೈಸೂರು–ಊಟಿ ರೂಟಿನಲ್ಲೇ ಇದ್ದರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೇಲೆ ಸಂಸ್ಥೆಯ ಹೆಸರೂ ಬದಲಾಯಿತು. ಅಪ್ಪ ಹೊಸ ಬಿಲ್ಲೆ ತಂದ ದಿನ ಟೀಚರಮ್ಮನಿಗೆ ಹತ್ತು ವರ್ಷ. ಹಳೆಯ ಬಿಲ್ಲೆಯನ್ನು ಅಪ್ಪ ವಾಪಸು ಕೊಡಬೇಕಾಯಿತೆಂದು ತಮ್ಮ ಹಟ ಹಿಡಿದು ಅತ್ತದ್ದು ಅವರಿಗೆ ನೆನಪಿದೆ. ತಮ್ಮನಿಗೆ ಇಲ್ಲ.

ಡ್ಯೂಟಿ ಒಂದು ದಿನ ಹೋಗುವುದು, ಊಟಿಯಲ್ಲಿ ನೈಟ್ ಹಾಲ್ಟ್, ಮರುದಿನ ಬರುವುದು. ಬಂದ ಕೂಡಲೇ ಅಪ್ಪ ಜಗಲಿಯ ಮೇಲೆ ಕೂತು ಚರ್ಮದ ಚೀಲ ಬಿಚ್ಚುತ್ತಿದ್ದರು. ಡಿಪೊಗೆ ಹಣ ಕಟ್ಟಿ ಬಂದಿದ್ದರೂ ವೇ ಬಿಲ್ಲಿನ ಲೆಕ್ಕವನ್ನು ಮನೆಯಲ್ಲಿ ಮತ್ತೊಮ್ಮೆ ಬಾಯಲ್ಲಿ ಹೇಳಿಕೊಂಡರೇ ಅವರಿಗೆ ಸಮಾಧಾನ. ಲೆಕ್ಕದಲ್ಲಿ ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕಿತ್ತು. ಅಂಥ ದಿನ ಅಪ್ಪ ಮಾತಾಡುತ್ತಿರಲಿಲ್ಲ. ಮಿಕ್ಕ ದಿನ ಚೀಲದ ಇನ್ನೊಂದು ಬದಿಯಿಂದ ಊಟಿಯ ಕ್ಯಾರೆಟ್ಟು, ನೀಲಗಿರಿ ಎಣ್ಣೆಯ ಪುಟ್ಟ ಶೀಷೆ, ಕಾಗದದಲ್ಲಿ ಕಟ್ಟಿದ ವರ್ಕಿ ಬರುತ್ತಿದ್ದವು. ಕಥೆಗಳೂ ಬರುತ್ತಿದ್ದವು. ಬಹುಪಾಲು ತೆಪ್ಪಕಾಡಿನವು. ಸೇತುವೆಯ ಕೆಳಗೆ ಮೋಯಾರ್ ಹೊಳೆಯಲ್ಲಿ ಆನೆಗೆ ಕಲ್ಲಿನಿಂದ ಉಜ್ಜಿ ಮೈ ತೊಳೆಸುವುದು, ಸಲಗ ದಾರಿಗೆ ಅಡ್ಡ ನಿಂತು ಬಸ್ಸು ಒಂದು ಗಂಟೆ ತಡವಾದದ್ದು, ದಿಮ್ಮಿ ಎಳೆದು ಬಂದ ಆನೆಯ ಬೆನ್ನ ಮೇಲೆ ಮಾವುತ ತೂಕಡಿಸುವುದು.

ಆಗ ಆ ಆನೆಗಳಿಗೆ ಮರ ಎಳೆಯುವುದೇ ಕೆಲಸ. ಬ್ರಿಟಿಷರ ಕಾಲದಲ್ಲಿ ಶಿಬಿರ ಕಟ್ಟಿದ್ದೇ ತೇಗ, ಹೊನ್ನೆ, ಮತ್ತಿಯ ದಿಮ್ಮಿ ಸಾಗಿಸಲಿಕ್ಕೆ. ಮುದುಮಲೆ 1940ರಲ್ಲಿ ಅಭಯಾರಣ್ಯವಾಯಿತು, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮರ ಕಡಿಯುವುದು ನಿಂತಿತು. ಆನೆಗಳಿಗೆ ಈಗ ಬೇರೆ ಕೆಲಸ. ಮಳೆಗಾಲದಲ್ಲಿ ಜೀಪು ಹೋಗದ ಕಡೆ ಗಸ್ತು, ಹೊಲಕ್ಕೆ ನುಗ್ಗಿದ ಕಾಡಾನೆಯನ್ನು ಹಿಂದಕ್ಕೆ ಅಟ್ಟುವ ಕುಮ್ಕಿ ಕೆಲಸ.

ಊಟದ ಸಾಲಿನ ಹತ್ತಿರ ಹೋದರೆ ಮೊದಲು ತಾಗುವುದು ವಾಸನೆ. ಬೆಂದ ರಾಗಿ, ಬೆಂದ ಹುರುಳಿ. ಟೀಚರಮ್ಮ, ತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡರು. ಇದು ಅವರ ಮನೆಯ ಸಂಜೆಯ ವಾಸನೆ. ಗುಂಡ್ಲುಪೇಟೆ, ಚಾಮರಾಜನಗರದ ಕಡೆ ರಾಗಿ ಮುದ್ದೆ, ಹುರುಳಿಕಟ್ಟಿನ ಸಾರು ಎಂದರೆ ವಿವರಣೆ ಬೇಕಿಲ್ಲ. ಇಲ್ಲಿ ಅದೇ ಧಾನ್ಯ, ಅಳತೆ ಮಾತ್ರ ಬೇರೆ. ಬೇಯಿಸಿ ಗಟ್ಟಿ ಮಾಡಿದ ರಾಗಿಯನ್ನು ಮಾವುತ ಎರಡೂ ಕೈಯಲ್ಲಿ ಒಡೆದು, ಹುರುಳಿ ಸೇರಿಸಿ ನಾದುತ್ತಾನೆ. ನಡುವೆ ಬೆಲ್ಲದ ತುಂಡು, ಉಪ್ಪು, ಖನಿಜದ ಪುಡಿ. ಮಾತ್ರೆ ಕೊಡಬೇಕಾದ ಆನೆಗೆ ಮಾತ್ರೆಯೂ ಅದರೊಳಗೇ. ತಟ್ಟಿ ತಟ್ಟಿ ಉಂಡೆ ಮಾಡುತ್ತಾನೆ. ಆನೆ ಸೊಂಡಿಲನ್ನು ಹಣೆಯ ಮೇಲಕ್ಕೆ ಮಡಚಿ ಬಾಯಿ ತೆರೆದು ಕಾಯುತ್ತದೆ. ಉಂಡೆಯನ್ನು ನಾಲಿಗೆಯ ಮೇಲೆ ಇಟ್ಟು ಕೈ ಹಿಂದೆಗೆಯುವಾಗ ಮಾವುತನ ಮುಂಗೈ ಆನೆಯ ಬಾಯೊಳಗೆ ಇರುತ್ತದೆ. ಅದನ್ನು ನೋಡಿ ಮೊಮ್ಮಗಳು ಉಸಿರು ಬಿಗಿಹಿಡಿದಳು. ಆ ಮಾವುತನಿಗೆ ಅತ್ತ ಗಮನವೇ ಇಲ್ಲ. ಪಕ್ಕದವನ ಜೊತೆ ಮಾತಾಡುತ್ತ ಮುಂದಿನ ಉಂಡೆ ಕಟ್ಟುತ್ತಿದ್ದ.

ಶಿಬಿರದಲ್ಲಿರುವುದು ಇಪ್ಪತ್ತೈದರ ಆಸುಪಾಸು ಆನೆಗಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಈ ಊಟ. ಇದು ಹೊಟ್ಟೆ ತುಂಬುವ ಊಟವಲ್ಲ. ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋಗೂ ಮೇಲೆ ಹಸಿರು ಬೇಕು. ಅದಕ್ಕೆ ಕಾಡೇ ಗತಿ. ಸಂಜೆಯ ಪಡಿ ಮುಗಿದ ಮೇಲೆ ಕಾಲಿಗೆ ಸರಪಳಿ ಬಿಟ್ಟು ಕಾಡಿಗೆ ಮೇಯಲು ಬಿಡುತ್ತಾರೆ. ಬೆಳಗ್ಗೆ ಮಾವುತ, ಅವನ ಸಹಾಯಕ ಕಾವಡಿ ಇಬ್ಬರೂ ಸರಪಳಿ ಎಳೆದ ಗುರುತು, ಮುರಿದ ಟೊಂಗೆ, ಲದ್ದಿಯ ಬಿಸಿ ನೋಡುತ್ತ ಹುಡುಕಿಕೊಂಡು ಹೋಗಬೇಕು. ಅದೇ ಕಾಡಿನಲ್ಲಿ ಕಾಡಾನೆಯೂ ಹುಲಿಯೂ ಇವೆ. ಬೆಟ್ಟ ಕುರುಂಬರು, ಕಾಟ್ಟುನಾಯಕರು ಈ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಅಪ್ಪ ಮಾವುತ, ಮಗ ಕಾವಡಿ. ಆಮೇಲೆ ಮಗ ಮಾವುತ, ಮೊಮ್ಮಗ ಕಾವಡಿ. ಕ್ಯಾಮೆರಾ ಇರಲಿ ಬಿಡಲಿ, ಮಂತ್ರಿ ಬರಲಿ ಬಿಡಲಿ, ಬೆಳಗಾದರೆ ಈ ನಡಿಗೆ ತಪ್ಪುವುದಿಲ್ಲ. ತೆಪ್ಪಕಾಡಿನಲ್ಲಿ ನೋಡಬೇಕಾದ್ದು ಅದು.

ಕ್ಯಾಮೆರಾ ಬಂದದ್ದೂ ಒಳ್ಳೆಯದೇ ಆಯಿತು. ಕಾರ್ತಿಕಿ ಗೊನ್ಸಾಲ್ವೆಸ್ ನಿರ್ದೇಶಿಸಿದ 'ದಿ ಎಲಿಫೆಂಟ್ ವಿಸ್ಪರರ್ಸ್' ಸಾಕ್ಷ್ಯಚಿತ್ರಕ್ಕೆ 2023ರ ಮಾರ್ಚ್‌ನಲ್ಲಿ ಆಸ್ಕರ್ ಬಂತು. ಅದರಲ್ಲಿರುವುದು ಈ ಶಿಬಿರದ ಬೊಮ್ಮನ್, ಬೆಳ್ಳಿ ದಂಪತಿ. ಅವರು ಸಾಕಿದ ರಘು, ಅಮ್ಮು ಎಂಬ ತಬ್ಬಲಿ ಮರಿಗಳು. ಏಪ್ರಿಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ, ಆಗಸ್ಟ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಇಲ್ಲಿಗೆ ಬಂದು ಆ ದಂಪತಿಯನ್ನು ಕಂಡರು. ಮುದುಮಲೆ, ಆನೆಮಲೆ ಶಿಬಿರಗಳ 91 ಸಿಬ್ಬಂದಿಗೆ ತಲಾ ಒಂದು ಲಕ್ಷ ರೂಪಾಯಿ, ಮನೆ ಕಟ್ಟಿಸಲು 9.10 ಕೋಟಿ ರೂಪಾಯಿಯನ್ನು ತಮಿಳುನಾಡು ಸರ್ಕಾರ ಘೋಷಿಸಿತು. ಇದೆಲ್ಲಕ್ಕಿಂತ ಟೀಚರಮ್ಮನಿಗೆ ಮುಖ್ಯವೆನಿಸಿದ್ದು ಪತ್ರಿಕೆಯಲ್ಲಿ ಬಂದ ಇನ್ನೊಂದು ಸುದ್ದಿ: ಅದೇ ವರ್ಷ ಬೆಳ್ಳಿಯವರನ್ನು ಅರಣ್ಯ ಇಲಾಖೆ ಕಾವಡಿಯಾಗಿ ನೇಮಿಸಿತು. ತಮಿಳುನಾಡಿನಲ್ಲಿ ಆ ಹುದ್ದೆಗೆ ಬಂದ ಮೊದಲ ಹೆಂಗಸು ಅವರು. ಆನೆಮರಿಗೆ ಹಾಲುಣಿಸಿ, ರಾತ್ರಿ ಎದ್ದು ನೋಡಿ, ಜ್ವರ ಬಂದರೆ ಪಕ್ಕದಲ್ಲಿ ಕೂತು ಮಾಡಿದ ಕೆಲಸಕ್ಕೆ ಕಡೆಗೂ ಒಂದು ರಿಜಿಸ್ಟರಿನಲ್ಲಿ ಹೆಸರು ಬಂತು.

ರಿಜಿಸ್ಟರು ಎಂಬುದು ಟೀಚರಮ್ಮನಿಗೆ ಸಣ್ಣ ವಿಷಯವಲ್ಲ. ನೌಕರಿ ಪೂರ್ತಿ ಹಾಜರಿ ಪುಸ್ತಕದ ಜೊತೆ ಕಳೆದವರು. ಯಾವ ಮಗು ಸುಗ್ಗಿಯ ತಿಂಗಳಲ್ಲಿ ಬರುವುದಿಲ್ಲ, ಯಾವ ಮಗು ಬಿಸಿಯೂಟ ಶುರುವಾದ ಮೇಲೆ ಒಂದು ದಿನವೂ ತಪ್ಪಿಸಲಿಲ್ಲ, ಎಲ್ಲ ಆ ಚೌಕಗಳಲ್ಲಿ ಇದೆ. ನಿವೃತ್ತಿಯಾದ ಮೇಲೆ ಅವರು ಮನೆತನದ ನೆನಪು ಬರೆಯಲು ಕೂತರು. ಅಪ್ಪನದು ಸಲೀಸಾಗಿ ಬಂತು. ಸೇವಾ ಪುಸ್ತಕವಿತ್ತು, ವರ್ಗಾವಣೆ ಆದೇಶವಿತ್ತು, ಬಡ್ತಿಯ ಕಾಗದವಿತ್ತು, ಗ್ರೂಪ್ ಫೋಟೊ ಇತ್ತು. ಅವ್ವನ ಸರದಿ ಬಂದಾಗ ಪೆನ್ನು ನಿಂತಿತು. ಹುಟ್ಟಿದ ತಾರೀಕು ಗೊತ್ತಿಲ್ಲ. ಮದುವೆಯ ವರ್ಷ ಬರದ ವರ್ಷ ಎಂದಷ್ಟೇ ಗೊತ್ತು. ಅಪ್ಪ ಎರಡು ದಿನಕ್ಕೊಮ್ಮೆ ಹೊರಡುವ ಮೊದಲು ನಾಲ್ಕು ಗಂಟೆಗೆ ಎದ್ದು ಬುತ್ತಿ ಕಟ್ಟಿದ, ರಾಗಿಯನ್ನು ಸೇರಿನಲ್ಲಿ ಅಳೆದು ತಿಂಗಳು ತೂಗಿಸಿದ, ಹಸು ಕರು ನೋಡಿಕೊಂಡ ಹೆಂಗಸಿನ ಬಗ್ಗೆ ಪಡಿತರ ಚೀಟಿಯ ಒಂದು ಸಾಲು ಬಿಟ್ಟರೆ ಯಾವ ದಾಖಲೆಯೂ ಇಲ್ಲ.

ತೆಪ್ಪಕಾಡಿನ ಆನೆಗಳಿಗೆ ದಾಖಲೆ ಇದೆ. ಪ್ರತಿ ಆನೆಗೂ ಒಂದು ಕಡತ: ಹೆಸರು, ಎಲ್ಲಿ ಸಿಕ್ಕಿತು ಅಥವಾ ಯಾವ ತಾಯಿಗೆ ಹುಟ್ಟಿತು, ಎತ್ತರ, ಕಾಯಿಲೆ, ಕೊಟ್ಟ ಔಷಧ, ಹಾಕಿದ ಮರಿ. ದಕ್ಷಿಣ ಭಾರತದ ಅರಣ್ಯ ಶಿಬಿರಗಳಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಹೀಗೆ ಬರೆದಿಟ್ಟದ್ದನ್ನು ಕಲೆಹಾಕಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್, ಆನೆ ವೈದ್ಯ ವಿ. ಕೃಷ್ಣಮೂರ್ತಿ ಮತ್ತು ಸಂಗಡಿಗರು 1997ರಲ್ಲಿ ಸಾಕಾನೆಗಳ ಹುಟ್ಟು–ಸಾವಿನ ಅಧ್ಯಯನ ಪ್ರಕಟಿಸಿದರು. ಹಿಂದಿನ ಯಾವನೋ ಗುಮಾಸ್ತ, ಯಾವನೋ ರೇಂಜರು ಅಂದಂದಿನ ಕೆಲಸವೆಂದು ಬರೆದದ್ದು ವಿಜ್ಞಾನಕ್ಕೆ ಒದಗಿತು. ಇದೇ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿಕೊಂಡರು. ಅದರೊಳಗೆ ಒಂದು ಸೆಂಟಿಮೀಟರಿಗಿಂತ ದಪ್ಪನೆಯ ಪ್ರತಿ ಗಿಡಕ್ಕೂ ನಂಬರು. ಪ್ರತಿ ವರ್ಷ ಹೋಗಿ ನೋಡುತ್ತಾರೆ: ಈ ನಂದಿ ಇದೆಯೇ, ಈ ದಿಂಡಿಗ ಬೆಂಕಿಗೆ ಹೋಯಿತೇ, ಈ ನೆಲ್ಲಿಯನ್ನು ಆನೆ ಮುರಿಯಿತೇ, ಹೊಸದಾಗಿ ಯಾವ ಸಸಿ ಸೇರಿತು. ತಮ್ಮ ಹಾಜರಿ ಪುಸ್ತಕಕ್ಕೆ ಕಾಡಿನಲ್ಲಿ ಒಂದು ಜೋಡಿ ಇದೆಯೆಂದು ಟೀಚರಮ್ಮ ಮೊಮ್ಮಗಳಿಗೆ ಹೇಳಿದರು. ಬಂದವರು, ಬಾರದವರು, ಹೊಸ ಸೇರ್ಪಡೆ, ಹೆಸರು ಕಡಿಮೆ ಮಾಡಿದ್ದು.

ಡಾಕ್ಟರ್ ಕೃಷ್ಣಮೂರ್ತಿಯವರ ಹೆಸರು ಬಂದರೆ ಮೂರ್ತಿಯ ಕಥೆ ಹೇಳದೆ ಮುಂದೆ ಹೋಗಲಾಗದು. ಮೂರ್ತಿ ಕೋರೆಯಿಲ್ಲದ ಗಂಡಾನೆ, ಮಕ್ನಾ. ಗೂಡಲೂರು, ಕೇರಳದ ಗಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದಿತ್ತು. 1998ರಲ್ಲಿ ಹಿಡಿಯುವಾಗ ಅದರ ಮೈಮೇಲೆ ಗುಂಡಿನ ಗಾಯಗಳಿದ್ದವು. ಕೊಲ್ಲಬೇಕೆಂದು ಕೂಗಿದವರನ್ನು ದೂರುವಂತಿಲ್ಲ. ಸತ್ತವರು ಅವರ ಮನೆಯವರು. ಕೃಷ್ಣಮೂರ್ತಿ ಅದಕ್ಕೆ ಚಿಕಿತ್ಸೆ ಕೊಟ್ಟು ಉಳಿಸಿದರು. ಅವರ ಹೆಸರೇ ಆನೆಗೆ ಬಂತು. ಡಾಕ್ಟರು 2002ರಲ್ಲಿ ತೀರಿಕೊಂಡರು. ಆನೆ 2024ರ ಅಕ್ಟೋಬರ್‌ವರೆಗೆ ಈ ಶಿಬಿರದಲ್ಲೇ ಬದುಕಿತು, ಯಾರಿಗೂ ಕೇಡು ಮಾಡದೆ. ಹೇಗೆ ಬದಲಾಯಿತು ಎಂದು ಕೇಳಿದರೆ ದೊಡ್ಡ ಉತ್ತರ ಬೇಕೆನಿಸುತ್ತದೆ. ಎದುರಿಗೆ ಕಾಣುವ ಉತ್ತರ ಚಿಕ್ಕದು: ಗಾಯ ತೊಳೆದರು, ಹೊತ್ತು ಹೊತ್ತಿಗೆ ಉಣ್ಣಿಸಿದರು, ಹೊಳೆಯಲ್ಲಿ ಮೈ ಉಜ್ಜಿದರು, ಇದನ್ನು ಇಪ್ಪತ್ತಾರು ವರ್ಷ ಮಾಡಿದರು.

ಇಲ್ಲಿ ಆನೆಗೂ ನಿವೃತ್ತಿ ಇದೆ ಎಂದು ಒಬ್ಬ ವಯಸ್ಸಾದ ಕಾವಡಿ ಹೇಳಿದಾಗ ಟೀಚರಮ್ಮ ನೋಟ್‌ಬುಕ್ಕು ಮತ್ತೆ ತೆರೆದರು. ಆತನ ಕನ್ನಡದಲ್ಲಿ ತಮಿಳು ಬೆರೆತಿತ್ತು, ಇವರ ಮಾತಿನಲ್ಲಿ ಅಪ್ಪನಿಂದ ಕಲಿತ ಅರ್ಧಂಬರ್ಧ ತಮಿಳು, ಮಾತಿಗೆ ತೊಡಕಾಗಲಿಲ್ಲ. ವಯಸ್ಸಾದ ಆನೆಗೆ ಕೆಲಸ ನಿಲ್ಲುತ್ತದೆ, ಪಡಿ ನಿಲ್ಲುವುದಿಲ್ಲ, ಡಾಕ್ಟರು ಬರುವುದು ನಿಲ್ಲುವುದಿಲ್ಲ. 2023ರ ಮಾರ್ಚ್‌ನಲ್ಲಿ ಆನೆಮಲೆಯ ಕೋಳಿಕಮುತ್ತಿ ಶಿಬಿರದಲ್ಲಿ ಕಲೀಮ್ ಎಂಬ ಹೆಸರುವಾಸಿ ಕುಮ್ಕಿ ಅರವತ್ತನೆಯ ವಯಸ್ಸಿಗೆ ನಿವೃತ್ತನಾದಾಗ ಅರಣ್ಯ ಸಿಬ್ಬಂದಿ ಸಾಲುಗಟ್ಟಿ ನಿಂತು ಗೌರವ ವಂದನೆ ಸಲ್ಲಿಸಿದರು. ಟೀಚರಮ್ಮ ನಿವೃತ್ತರಾದದ್ದೂ ಅದೇ ವರ್ಷ, ಅದೇ ವಯಸ್ಸಿಗೆ. ಕರ್ನಾಟಕದಲ್ಲಿ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿದ್ದು 2008ರಲ್ಲಿ.

ಆಗ ತಮ್ಮ, ಅರ್ಜುನನೆಂಬ ಆನೆಯ ಮಾತು ತೆಗೆದರು. ದಸರೆಯಲ್ಲಿ 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಅರ್ಜುನನನ್ನು ಅರವತ್ತಾಯಿತೆಂದು ಆ ಹೊಣೆಯಿಂದ ಬಿಡಿಸಿದ್ದರು. ಆದರೆ ಕಾಡಾನೆ ಹಿಡಿಯುವ ಕೆಲಸಕ್ಕೆ ಕರೆದೊಯ್ಯುವುದು ನಿಲ್ಲಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆಯ ಜೊತೆ ಕಾದಾಡುತ್ತ ಅದು ಸತ್ತಿತು. "ಭಾರ ಹೊರೋಕೆ ವಯಸ್ಸಾಯ್ತು ಅಂದೋರು ಜಗಳಕ್ಕೆ ಹೆಂಗೆ ಕಳಿಸಿದ್ರು ಅಕ್ಕ?" ಎಂದು ತಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಆ ವಾರ ಇದೇ ಪ್ರಶ್ನೆ ಇತ್ತು. ನಿವೃತ್ತಿ ಎಂದರೆ ನಿಜವಾದ ನಿವೃತ್ತಿ ಆಗಬೇಕು, ಆನೆಗೂ.

ಬೆಳಗಿನ ಊಟ ಮುಗಿಯಿತು. ತೆಪ್ಪಕಾಡಿನಲ್ಲಿ ದಾರಿ ಕವಲಾಗುತ್ತದೆ. ಒಂದು ದಾರಿ ಕಾರ್ಗುಡಿ, ತೊರಪ್ಪಳ್ಳಿ, ಗೂಡಲೂರಿಗೆ. ಎಡಕ್ಕೆ ತಿರುಗಿದರೆ ಮಸಿನಗುಡಿ, ಅಲ್ಲಿಂದ ಕಲ್ಲಟ್ಟಿಯ 36 ಹೇರ್‌ಪಿನ್ ತಿರುವು ಹತ್ತಿ ಊಟಿ. ಅಪ್ಪನ ಬಸ್ಸು ಹೋಗುತ್ತಿದ್ದುದು ಗೂಡಲೂರಿನ ಮೇಲೆ. ಇವರು ಹಿಡಿದದ್ದು ಎಡಗಡೆಯ ದಾರಿ, ಅವ್ವನ ದಾರಿ.

ಎರಡು ದಿನಕ್ಕೊಮ್ಮೆ ಗಂಡ ಊಟಿಗೆ ಹೋಗಿ ಬರುತ್ತಿದ್ದರೂ ಅವ್ವ ಆ ಕಾಡು ದಾಟಿದ್ದು ಜೀವಮಾನದಲ್ಲಿ ಒಂದೇ ಸಲ. ಊಟಿಗಲ್ಲ, ಮಸಿನಗುಡಿಯ ಪಕ್ಕದ ಬೊಕ್ಕಾಪುರದ ಮಾರಮ್ಮನ ಜಾತ್ರೆಗೆ. ತಮ್ಮನಿಗೆ ಚಿಕ್ಕಂದಿನಲ್ಲಿ ಮೈಮೇಲೆ ಅಮ್ಮ ಬಂದು ದಿನಗಟ್ಟಲೆ ಜ್ವರ ಇಳಿಯದಾಗ ಹರಕೆ ಹೊತ್ತಿದ್ದರಂತೆ. ಬೇಸಿಗೆಯ ಬಾಗಿಲಲ್ಲಿ ನಡೆಯುವ ಆ ಜಾತ್ರೆಗೆ ಬಡಗರು, ಇರುಳರು, ಕುರುಂಬರು, ತಮಿಳರು ಬರುತ್ತಾರೆ. ಕರ್ನಾಟಕದ ಗಡಿಯ ಊರುಗಳಿಂದ, ಕೇರಳದಿಂದಲೂ ಬರುತ್ತಾರೆ. ಹರಕೆಯ ದಾರಿಗೆ ರಾಜ್ಯಗಳ ಗೆರೆ ಲೆಕ್ಕಕ್ಕಿಲ್ಲ.

ಮಸಿನಗುಡಿಗೆ ಹೋಗುವ ದಾರಿಯಲ್ಲಿ ಕಾಡು ಬೇರೆಯಾಗುತ್ತದೆ. ಎತ್ತರದ ಮರಗಳು ಹಿಂದೆ ಸರಿದು ಕುರುಚಲು, ಮುಳ್ಳು, ಎಲ್ಲೆಲ್ಲೂ ಲಂಟಾನ. ಈ ಲಂಟಾನದ ಕಡ್ಡಿಯಿಂದಲೇ ಗೂಡಲೂರು, ತೊರಪ್ಪಳ್ಳಿ ಕಡೆಯ ಆದಿವಾಸಿ ಕುಶಲಕರ್ಮಿಗಳು ನಿಜವಾದ ಗಾತ್ರದ ಆನೆಗಳನ್ನು ಹೆಣೆದಿದ್ದಾರೆ. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಅಲ್ಲಿ ನಿಂತದ್ದು ಇಲ್ಲಿಯ ಕಳೆ ಎಂದು ಮೊಮ್ಮಗಳಿಗೆ ನಂಬಿಸಲು ಟೀಚರಮ್ಮ ಮೊಬೈಲಿನಲ್ಲಿ ಚಿತ್ರ ತೋರಿಸಬೇಕಾಯಿತು.

ಇದು ಸೀಗೂರು ಪ್ರಸ್ಥಭೂಮಿ, ಪೂರ್ವ ಮತ್ತು ಪಶ್ಚಿಮ ಘಟ್ಟದ ಆನೆಗಳು ಓಡಾಡುವ ಇರುಕು ದಾರಿ. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಇಲ್ಲಿಯ ಆನೆ ಕಾರಿಡಾರನ್ನು ಎತ್ತಿಹಿಡಿದ ಕೆಲವೇ ತಿಂಗಳಲ್ಲಿ, 2021ರ ಜನವರಿಯಲ್ಲಿ, ಮಸಿನಗುಡಿಯಲ್ಲಿ ಒಂದು ಸಲಗದ ತಲೆಯ ಮೇಲೆ ಯಾರೋ ಉರಿಯುವ ಬಟ್ಟೆ–ಟೈರು ಎಸೆದರು. ಗಾಯಗೊಂಡ ಆನೆಯನ್ನು ಚಿಕಿತ್ಸೆಗೆಂದು ತೆಪ್ಪಕಾಡಿಗೆ ಲಾರಿಯಲ್ಲಿ ತರುವಾಗ ಅದು ದಾರಿಯಲ್ಲೇ ಸತ್ತಿತು. ಸತ್ತ ಆನೆಯ ಸೊಂಡಿಲು ಸವರುತ್ತ ಅರಣ್ಯ ಸಿಬ್ಬಂದಿಯೊಬ್ಬರು ಅತ್ತದ್ದನ್ನು ದೇಶವೇ ನೋಡಿತು. ಏಳೆಂಟು ಕಿಲೋಮೀಟರಿನ ಈ ರಸ್ತೆಯ ಒಂದು ತುದಿಯಲ್ಲಿ ಆನೆಯ ಬಾಯಿಗೆ ಕೈಯಿಟ್ಟು ಉಣ್ಣಿಸುವವರು, ಇನ್ನೊಂದು ತುದಿಯಲ್ಲಿ ಹೀಗೆ ಬೆಂಕಿ ಎಸೆದವರು. ಇದನ್ನು ಮಗುವಿಗೆ ಹೇಗೆ ಹೇಳುವುದೆಂದು ಟೀಚರಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದರು.

ಮಸಿನಗುಡಿಯ ಚಹಾ ಅಂಗಡಿಯಲ್ಲಿ ನಾಲ್ಕು ಭಾಷೆ ಒಟ್ಟಿಗೆ ಕೇಳುತ್ತದೆ. ಬಡಗ ಮಾತಾಡುವ ಇಬ್ಬರು ಹಿರಿಯರ ಮಾತು ಟೀಚರಮ್ಮನಿಗೆ ಮುಕ್ಕಾಲು ಅರ್ಥವಾಯಿತು. ಪಕ್ಕದ ಮಾವನಹಳ್ಳದಲ್ಲಿ ಕೆನೆತ್ ಆಂಡರ್‌ಸನ್ ಜಮೀನು ಮಾಡಿಕೊಂಡಿದ್ದರು. ಸೀಗೂರಿನ ನರಭಕ್ಷಕ ಹುಲಿಯ ಕಥೆ 1954ರ ಅವರ ಮೊದಲ ಪುಸ್ತಕದಲ್ಲಿದೆ. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಆಂಡರ್‌ಸನ್ ಕಥೆಗಳನ್ನು ಟೀಚರಮ್ಮನ ಯಜಮಾನರು ಮಕ್ಕಳಿಗೆ ರಾತ್ರಿ ಊಟದ ಮೇಲೆ ಗಟ್ಟಿಯಾಗಿ ಓದುತ್ತಿದ್ದರು. ಚಿರತೆ ಬರುವ ಜಾಗದಲ್ಲಿ ದನಿ ತಗ್ಗಿಸಿ, ಲಾಂದ್ರದ ಬತ್ತಿ ಇಳಿಸಿ, ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದರು. ಅವರು ಹೋಗಿ ಕೆಲವು ವರ್ಷವಾಯಿತು. ಇಲ್ಲಿ ಕೂತು ಒಂದು ಲೋಟ ಚಹಾ ಕುಡಿಯುವ ಆಸೆ ಅವರದು, ಈಡೇರಲಿಲ್ಲ.

ಬೊಕ್ಕಾಪುರಕ್ಕೆ ಜೀಪು ಸಿಕ್ಕಿತು. ಜಾತ್ರೆಯ ಕಾಲವಲ್ಲ, ಗುಡಿಯ ಸುತ್ತ ಜನವಿಲ್ಲ. ಹಿಂದೆ ನೀಲಗಿರಿಯ ಗೋಡೆ ನೇರವಾಗಿ ಎದ್ದು ನಿಂತಿದೆ, ತಲೆಯ ಮೇಲೆ ಮೋಡ. ಅಕ್ಕ, ತಮ್ಮ ಇಬ್ಬರೂ ಕೈ ಮುಗಿದು ಕಲ್ಲುಕಟ್ಟೆಯ ಮೇಲೆ ಕೂತು ಅವ್ವನ ಪ್ರಯಾಣವನ್ನು ನೆನಪು ಮಾಡಿಕೊಳ್ಳತೊಡಗಿದರು. ಅಲ್ಲಿಗೆ ಜಗಳ ಶುರುವಾಯಿತು.

"ನಾನು ಮೂರನೇ ಕ್ಲಾಸಲ್ಲಿದ್ದೆ ಕಣಕ್ಕ. ಅಪ್ಪ ರಜಾ ಹಾಕಿದ್ರು."

"ಇಲ್ಲ ಕಣಪ್ಪ, ನಿನಗೆ ಇನ್ನೂ ಸ್ಕೂಲೇ ಇರಲಿಲ್ಲ. ಅವ್ವ ನಿನ್ನ ಸೊಂಟದ ಮೇಲೆ ಕೂರಿಸ್ಕಂಡಿತ್ತು."

"ಮೂರನೇ ಕ್ಲಾಸೋನ್ನ ಯಾಕೆ ಎತ್ಕಬಾರದು? ಜ್ವರ ಬಂದು ಸಣ್ಣಾಗಿದ್ನಲ್ಲ."

ಬುತ್ತಿ ಏನೆಂಬುದರಲ್ಲಿ ಇಬ್ಬರಿಗೂ ಒಮ್ಮತ: ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ಬೆಲ್ಲ. ಉಟ್ಟ ಸೀರೆ ಹಸಿರು ಎಂದು ಅಕ್ಕ, ಕೆಂಪು ಎಂದು ತಮ್ಮ. ತೆಪ್ಪಕಾಡಿನಲ್ಲಿ ಇಳಿದು ಮಸಿನಗುಡಿಯ ಗಾಡಿಗೆ ಕಾಯುವಾಗ ಅವ್ವ ಆನೆಗೆ ಉಣ್ಣಿಸುವುದನ್ನು ನೋಡಿತು ಎಂಬುದರಲ್ಲೂ ಒಮ್ಮತ. "ನಮ್ಮನೆ ಹಿಟ್ಟೇ ಅಲ್ವ ಇದು" ಎಂದು ಅವ್ವ ಅಂದದ್ದು ಇಬ್ಬರಿಗೂ ನೆನಪಿದೆ. ಮಾವುತನೊಬ್ಬನ ಹತ್ತಿರ ಹೋಗಿ, ರಾಗಿಗೆ ನೀರು ಎಷ್ಟು ಹಾಕ್ತೀಯಪ್ಪ ಎಂದು ಕೇಳಿತೆಂಬುದು ಅಕ್ಕನಿಗೆ ಮಾತ್ರ ನೆನಪು. ಅವ್ವನ ಕುತೂಹಲ ಯಾವತ್ತೂ ಆ ದಿಕ್ಕಿನದೇ. ಬೇರೆಯವರ ಮನೆಗೆ ಹೋದರೆ ಗೋಡೆಯ ಚಿತ್ರ ನೋಡುತ್ತಿರಲಿಲ್ಲ, ಒಲೆ ಯಾವ ಕಡೆ ಮುಖ ಮಾಡಿದೆ, ಸೌದೆ ಎಲ್ಲಿ ಒಟ್ಟಿದ್ದಾರೆ, ನೀರು ಎಷ್ಟು ದೂರದಿಂದ ತರುತ್ತಾರೆ ಎಂದು ನೋಡುತ್ತಿತ್ತು.

ಟೀಚರಮ್ಮ ಎಲ್ಲವನ್ನೂ ಬರೆದುಕೊಂಡರು. ಹಸಿರು ಎಂಬುದರ ಪಕ್ಕ ಕೆಂಪು ಎಂದೂ ಬರೆದರು. ಬೆಳಿಗ್ಗೆ ಫಲಕ ನೋಡಿ ಗೆರೆ ಹಾಕಿದ ಪುಟದ ಎದುರು ಪುಟದಲ್ಲೇ ಅವ್ವನಿಗೆ ಒಂದು ಕಾಲಂ ಮಾಡಿದರು: ಬೆಳಿಗ್ಗೆ ಎದ್ದ ಹೊತ್ತು, ತಿಂಗಳ ರಾಗಿ, ತಿಂಗಳ ಹುರುಳಿ, ಕರೆದ ಹಾಲು, ಮಾರಿದ ಹಾಲು, ತಾನು ಉಂಡ ಹೊತ್ತು. ಕೊನೆಯದರ ಎದುರು ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ಅವ್ವ ಉಂಡದ್ದನ್ನು ಮಕ್ಕಳಿಬ್ಬರೂ ನೋಡಿದ ನೆನಪಿಲ್ಲ. ಎಲ್ಲರದೂ ಆದ ಮೇಲೆ, ಒಲೆಯ ಮಗ್ಗುಲಲ್ಲಿ, ಬೆನ್ನು ಈ ಕಡೆ ಮಾಡಿಕೊಂಡು ಕೂತಿರುತ್ತಿತ್ತು ಎಂದು ತಮ್ಮ ಹೇಳಿದರು. ಅದನ್ನೇ ಹಾಗೇ ಬರೆದರು.

ಆನೆಗಳ ಕಡತದ ಮಾತನ್ನು ಮೊಮ್ಮಗಳು ಮರೆತಿರಲಿಲ್ಲ. "ಎತ್ತರ ಅಂತ ಒಂದು ಇರತ್ತಲ್ಲ ಅಜ್ಜಿ, ಮುತ್ತಜ್ಜಿ ಎತ್ತರ ಎಷ್ಟು?"

ತಮ್ಮ ಎದ್ದು ನಿಂತು ತಮ್ಮ ಭುಜದ ಹತ್ತಿರ ಕೈ ಇಟ್ಟರು. ಟೀಚರಮ್ಮ ಎದ್ದು, ಅದಕ್ಕಿಂತ ನಾಲ್ಕು ಬೆರಳು ಮೇಲೆ, ಕಿವಿಯ ಹತ್ತಿರ ಕೈ ಇಟ್ಟರು. ಹುಡುಗಿ ಚೀಲದಿಂದ ಸ್ಕೇಲು ತೆಗೆದು, ಚಿಕ್ಕತಾತನನ್ನು ಗುಡಿಯ ಕಂಬಕ್ಕೆ ಒರಗಿಸಿ ನಿಲ್ಲಿಸಿ, ಅಡಿಯಿಂದ ಅಳೆಯಲು ಶುರು ಮಾಡಿದಳು. ಭುಜಕ್ಕೆ ನಾಲ್ಕು ಅಡಿ ಏಳಿಂಚು, ಕಿವಿಗೆ ಐದು ಅಡಿಗೆ ಸ್ವಲ್ಪ ಕಡಿಮೆ. ಯಾವುದು ಬರೆಯಲಿ ಎಂದು ಕೇಳಿದಳು.

"ಎರಡೂ ಬರಿ. ಯಾವುದು ಯಾರು ಹೇಳಿದ್ದು ಅಂತ ಹೆಸರೂ ಹಾಕು" ಎಂದರು ಟೀಚರಮ್ಮ. ಅಷ್ಟರಲ್ಲಿ ಜೀಪಿನವನು ಹಾರ್ನ್ ಮಾಡಿದ. ಮಸಿನಗುಡಿಯಿಂದ ತೆಪ್ಪಕಾಡಿಗೆ, ಅಲ್ಲಿಂದ ಗುಂಡ್ಲುಪೇಟೆಯ ಬಸ್ಸಿಗೆ ಹೊತ್ತಾಗಿತ್ತು. ಹುಡುಗಿ ನಿಂತುಕೊಂಡೇ ಎರಡು ಸಾಲು ಬರೆದಳು. ಚಿಕ್ಕತಾತನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಟೀಚರಮ್ಮ ಜೀಪು ಹತ್ತುವ ಮೊದಲೇ ಅದನ್ನು ತಿದ್ದಿಸಿದರು.